ಎತ್ತಿಗೆ ಕಾಳು, ಆಳಿಗೆ ಕಟ್ಟು: ಕೇರಿಯ ಒಲೆಯ ಚರಿತ್ರೆಗೊಂದು ಟಿಪ್ಪಣಿ

ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಆಗಾಗ ಒಂದು ಬರಹ ಬರುತ್ತದೆ. ಮನೆಯಲ್ಲಿ ಇರುವ ಸಾಮಾನಿನಲ್ಲೇ, ಕೈ ಬಿಗಿಯಾದ ದಿನಗಳಲ್ಲಿ, ಕಡಿಮೆ ಖರ್ಚಿನ ಸರಳ ಅಡುಗೆ ಮಾಡುವುದು ಹೇಗೆ ಎಂಬುದು ಅದರ ವಿಷಯ. ಅಂಥದ್ದೊಂದನ್ನು ಅವ್ವನಿಗೆ ಓದಿ ಹೇಳಿದೆ. ಪೂರಾ ಕೇಳಿದಳು. ಆಮೇಲೆ, 'ಇದ್ದುದ್ರಲ್ಲೇ ಮಾಡು ಅಂತಾರೆ ಸರಿ ಕಣ್ ಮಗಾ, ಮೊದ್ಲು ಇರ್ಬೇಕಲ್ಲ' ಅಂದಳು. ಈ ಟಿಪ್ಪಣಿ ಆ ಮಾತಿನಿಂದಲೇ ಹೊರಟದ್ದು. 'ಮನೆಯಲ್ಲಿ ಇರುವ ಸಾಮಾನು' ಎಂಬ ಮಾತಿಗೇ ಒಂದು ಜಾತಿ ಚರಿತ್ರೆ ಇದೆ. ಯಾರ ಮನೆಯಲ್ಲಿ ಏನು ಕೂಡಿಟ್ಟಿತ್ತು, ಯಾರ ಮನೆಯಲ್ಲಿ ಕೂಡಿಡಲು ಏನೂ ಉಳಿಯುತ್ತಿರಲಿಲ್ಲ ಎಂಬುದನ್ನು ಕೇಳದೆ ಬಡವರ ಅಡುಗೆಯ ಬಗ್ಗೆ ಮಾತಾಡುವುದು ಅರ್ಧ ಸುಳ್ಳಾಗುತ್ತದೆ.

ಹಳೇ ಮೈಸೂರಿನ ಬಯಲುಸೀಮೆಯಲ್ಲಿ ಕೂಡಿಡುವ ಧಾನ್ಯವೆಂದರೆ ರಾಗಿ. ಹುಳ ಹಿಡಿಯುವುದು ಕಡಿಮೆ. ಒಣಗಿಸಿ ಸರಿಯಾಗಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನೆಲ ಅಗೆದು ಮಾಡಿದ ಹಗೇವುಗಳಲ್ಲಿ ಊರ ಗೌಡರು, ಶಾನುಭೋಗರು ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬಹುದಿನ ಮುಚ್ಚಿದ ಹಗೇವಿನಲ್ಲಿ ಉಸಿರು ಕಟ್ಟುವ ಗಾಳಿ ನಿಂತಿರುತ್ತದೆ. ಅದಕ್ಕೇ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ನಮ್ಮೂರಲ್ಲಿ ದೀಪದ ಹಿಂದೆ ಇಳಿಯುತ್ತಿದ್ದವನು ಜೀತದಾಳು. ನಮ್ಮ ತಾತ ಇಳಿದವನು. ರಾಗಿ ಮೊಗೆದು ಮೇಲೆ ಕೊಟ್ಟವನ ಮನೆಯಲ್ಲಿ ಹಗೇವು ಇರಲಿಲ್ಲ, ಒಂದು ಮಡಕೆ ಇತ್ತು. ಅದರೊಳಗೆ ಅವತ್ತಿನ ಪಡಿ. ಅದನ್ನು ಅವತ್ತೇ ಬೀಸಿ ಅವತ್ತೇ ಉಣ್ಣಬೇಕು.

ಕನಕದಾಸರ 'ರಾಮಧಾನ್ಯಚರಿತೆ'ಯನ್ನು ಈ ಹಗೇವಿನ ಒಳಗಿಂದ ಓದಿ ನೋಡಬೇಕು ಅನ್ನಿಸುತ್ತದೆ. ಅಕ್ಕಿಗೂ ನರೆದಲೆಗನಿಗೂ ಜಗಳ. ಅಕ್ಕಿ ರಾಗಿಯನ್ನು ಶೂದ್ರರ ಕೂಳೆಂದು ಹಳಿಯುತ್ತದೆ. ರಾಗಿ ತಿರುಗಿ ಬಡವರ ಪರ ಮಾತಾಡುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಕಳೆಗುಂದುತ್ತದೆ, ರಾಗಿ ಉಳಿಯುತ್ತದೆ, ರಾಘವನ ಹೆಸರು ಪಡೆಯುತ್ತದೆ. ನಮ್ಮ ವಿಮರ್ಶೆ ಇದನ್ನು ಕೆಳವರ್ಗದ ಪ್ರತಿಭಟನೆಯೆಂದು ಓದಿದೆ. ಒಪ್ಪೋಣ. ಆದರೆ ಪರೀಕ್ಷೆ ಯಾವುದು? ಕೂಡಿಟ್ಟರೆ ಕೆಡದೆ ಉಳಿಯುವ ಗುಣ. ಅದು ಕೂಡಿಡಬಲ್ಲವನಿಗೆ ಬೇಕಾದ ಗುಣ. ಕಾವ್ಯದಲ್ಲಿ ರಾಗಿ ಗೆದ್ದಿತು. ರಾಗಿ ಬಿತ್ತಿ, ಕೊಯ್ದು, ಒಕ್ಕಿ, ಹಗೇವಿಗೆ ಇಳಿದವನು ಆ ತೀರ್ಪಿನಲ್ಲಿ ಎಲ್ಲೂ ಇಲ್ಲ.

ಇನ್ನು ಹುರುಳಿ. ಗೌಡರ ಹಟ್ಟಿಯಲ್ಲಿ ಎತ್ತಿಗೆಂದು ಹುರುಳಿ ಬೇಯಿಸುತ್ತಿದ್ದರು. ಬೆಂದ ಕಾಳು ಎತ್ತಿಗೆ. ಬಸಿದ ನೀರು, ಅಂದರೆ ಕಟ್ಟು, ಆಳಿಗೆ. ನಮ್ಮಜ್ಜಿ ಅದನ್ನು ಚೆಂಬಿನಲ್ಲಿ ತಂದು, ಒಣಮೆಣಸಿನಕಾಯಿ ಸುಟ್ಟು, ಬೆಳ್ಳುಳ್ಳಿ, ಉಪ್ಪು, ಹುಣಸೆಹಣ್ಣು ಸೇರಿಸಿ ಅರೆದು ಕದಡಿ ಸಾರು ಮಾಡುತ್ತಿದ್ದಳು. ಒಗ್ಗರಣೆ ಇಲ್ಲ, ಎಣ್ಣೆ ಇದ್ದರೆ ತಾನೆ? ಇವತ್ತು ಹುರುಳಿ ಕಟ್ಟಿನ ಸಾರು ಬೆಂಗಳೂರಿನ ಹೋಟೆಲುಗಳಲ್ಲಿ ಹಳ್ಳಿಯ ರುಚಿ ಎಂದು ಮಾರಾಟವಾಗುತ್ತದೆ. ರುಚಿ ನಿಜ. ಆದರೆ ನಮ್ಮ ಮನೆಯ ಮಟ್ಟಿಗೆ ಆ ರುಚಿ ಬಂದದ್ದು ಎತ್ತಿನ ಪಾಲಿನ ನೀರಿನಿಂದ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಮಿಗಿಂತ ಹೆಚ್ಚು ಪ್ರೋಟೀನು ಇದೆ. ಅದರ ಬಹುಪಾಲು ಕಾಳಿನಲ್ಲೇ ಉಳಿದು ಎತ್ತಿನ ಹೊಟ್ಟೆ ಸೇರಿತು.

ಸ್ವಂತಕ್ಕೆ ಒಂದು ಹಿಡಿ ಕಾಳು ಸಿಕ್ಕ ದಿನ ಉಪ್ಪೆಸರು. ಅಜ್ಜಿ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಕೀರೆಸೊಪ್ಪು, ಹೊನಗೊನೆ, ಏನು ಸಿಕ್ಕರೆ ಅದನ್ನು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದಳು. ಇದಕ್ಕೆ ಬೆರಕೆಸೊಪ್ಪು ಎನ್ನುತ್ತಾರೆ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೆಂದ ನಂತರ ನೀರು ಬಸಿದರೆ, ನೀರು ಸಾರಿಗೆ, ಚರಟ ಪಲ್ಯಕ್ಕೆ. ಒಂದು ಮಡಕೆ, ಒಂದು ಉರಿ, ಎರಡು ಬಗೆ. ಯಾವ ಸೊಪ್ಪು ಕಹಿ, ಯಾವುದು ಬೇಗ ಬೇಯುತ್ತದೆ, ಯಾವುದನ್ನು ಯಾವುದರ ಜೊತೆ ಹಾಕಿದರೆ ಕಹಿ ಮುರಿಯುತ್ತದೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ಹಿಟ್ಟು ಸಾಲದಿದ್ದರೆ ಮುದ್ದೆ ಬಿಟ್ಟು ಅಂಬಲಿ. ಐದು ಜನಕ್ಕೆ ಮುದ್ದೆಯಾಗದ ಹಿಟ್ಟು ಎಂಟು ಜನಕ್ಕೆ ಅಂಬಲಿಯಾಗುತ್ತದೆ. ಇದು ಲೆಕ್ಕ, ಇದು ಶಾಸ್ತ್ರ. ಇದನ್ನು ಬರೆದವರಿಲ್ಲ.

ಬರೆದವರು ಬೇರೆಯೇ ಲೆಕ್ಕ ಬರೆದರು. 1876–78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನ ಹಾಳುಬಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಆ ದಿನಗಳಲ್ಲಿ, 1877ರಲ್ಲಿ, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದರಾಸು ಪ್ರಾಂತ್ಯದ ಬರಗಾಲದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತೆ ಒಂದಿಷ್ಟು ಚಿಲ್ಲರೆ ಸಾಕು ಎಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದು ಸಾಲದು ಎಂದು ವಾದಿಸಿದ. ಕಲ್ಲು ಹೊರುವ ದೇಹಕ್ಕೆ ಎಷ್ಟು ಕೂಳು ಬೇಕು ಎಂದು ಇಬ್ಬರು ದೊರೆಗಳು ವಾದ ಮಾಡಿದರು. ಕೂಲಿ ಹೆಂಗಸನ್ನು ಕರೆದು, 'ಏನವ್ವಾ, ಇಷ್ಟರಲ್ಲಿ ಎಷ್ಟು ಜನಕ್ಕೆ ಬೇಯಿಸ್ತೀಯಾ?' ಎಂದು ಕೇಳಬೇಕೆಂದು ಆ ವಾದಕ್ಕೆ ತೋಚಲಿಲ್ಲ.

ಇಲ್ಲಿ ಬೂಸಾ ಪ್ರಕರಣ ನೆನಪಾಗುತ್ತದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಬೂಸಾ ಎಂದರೆ ದನದ ಮೇವು. ಅದನ್ನು ಬೈಗುಳವೆಂದು ಕೇಳಿಸಿಕೊಂಡವರಿಗೆ ಸಿಟ್ಟು ಬಂತು. ದನದ ಪಾಲಿನ ಕಟ್ಟನ್ನು ಕುಡಿದು ಬೆಳೆದ ಕೇರಿಯವರಿಗೆ ಆ ಪದ ಬೇರೆಯಾಗಿಯೇ ಕೇಳಿಸಿರಬೇಕು. ಈ ಸಾಹಿತ್ಯದಲ್ಲಿ ನಮ್ಮ ಹೊಟ್ಟೆಗೆ ಏನಿದೆ ಎಂಬುದು ಅಲ್ಲಿದ್ದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರದಂತೆ ಬಂದ ಕೃತಿಗಳಲ್ಲಿ ದೇವನೂರ ಮಹಾದೇವರ 'ಒಡಲಾಳ' ಒಂದು. ಅಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯನ್ನು ಬೆಂಕಿ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ. ವಿಮರ್ಶಕರು ಅದನ್ನು ಹಸಿವಿನ ಚಿತ್ರವೆಂದರು. ನನಗೆ ಅದು ಹಬ್ಬವೂ ಹೌದು. ಕೂಡಿಡಲಾಗದವರಿಗೆ, ಸಿಕ್ಕದ್ದನ್ನು ಬೆಳಗಾಗುವುದರೊಳಗೆ ಉಂಡು ಮುಗಿಸುವುದೇ ಸಂಗ್ರಹ, ಹೊಟ್ಟೆಯೇ ಹಗೇವು. 'ಕೈಗೆ ಬಂದ ದಿನ ಉಡಾಯಿಸ್ತಾರೆ, ನಾಳೆಗೆ ಇಡೋದು ಗೊತ್ತಿಲ್ಲ' ಎಂದು ನಮ್ಮವರನ್ನು ಹೀಗಳೆಯುವವರು ಈ ದೃಶ್ಯವನ್ನು ಮತ್ತೊಮ್ಮೆ ಓದಬೇಕು.

ನಾವು ಕೂಡಿಟ್ಟದ್ದು ಒಂದೇ ಒಂದು: ಬಾಡು. ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ, ಹಗ್ಗದ ಮೇಲೆ ಒಣಗಿಸಿ, ಮಳೆಗಾಲಕ್ಕೆ ಮಡಕೆಯಲ್ಲಿಟ್ಟದ್ದು. ಎರಡು ತುಂಡು ಹುರುಳಿಯ ಜೊತೆ ಬಿದ್ದರೆ ಇಡೀ ಮನೆಗೆ ಸಾರು. ಇದರ ಬಗ್ಗೆ ಎಚ್ಚರದಿಂದ ಮಾತಾಡಬೇಕು. 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ತಿನ್ನುವುದನ್ನು, ಎಂಜಲು ಎತ್ತುವುದನ್ನು ಬಿಡಿ ಎಂದರು. ಅದು ರುಚಿಯ ಮೇಲಿನ ತೀರ್ಪಲ್ಲ, ಬಿಟ್ಟಿ ಚಾಕರಿಯ ಕೂಲಿಯಾಗಿ ಬಂದ ಕೂಳನ್ನು ತಿರಸ್ಕರಿಸುವ ಮಾತು. ಒಳ್ಳೆಯದನ್ನು ಉಂಡಾಗ ಏನಾಯಿತು? 'ಜಾತಿ ವಿನಾಶ'ದಲ್ಲಿ ಅವರೇ ಬರೆದಿದ್ದಾರೆ: 1936ರಲ್ಲಿ ಜಯಪುರ ಸಂಸ್ಥಾನದ ಚಕ್ವಾರಾದಲ್ಲಿ ಅಸ್ಪೃಶ್ಯರು ತಮ್ಮ ಔತಣದಲ್ಲಿ ತುಪ್ಪ ಬಡಿಸಿದ್ದಕ್ಕೆ ಸವರ್ಣೀಯರು ದೊಣ್ಣೆ ಹಿಡಿದು ನುಗ್ಗಿ ಹೊಡೆದರು. ತುಪ್ಪ ಅವರ ದುಡ್ಡಿನದೇ. ಅಗ್ಗದ ಊಟ ನಮಗೆ ಬಡತನದಿಂದ ಮಾತ್ರ ಬಂದದ್ದಲ್ಲ, ದುಬಾರಿ ಊಟಕ್ಕೆ ದಂಡ ಇತ್ತು. ಈಗ 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಕರ್ನಾಟಕದಲ್ಲಿ ಬಡವರ ಆ ಅಗ್ಗದ ಬಾಡಿಗೂ ಪೊಲೀಸು ಕೇಸಿನ ಭಯ.

ಜೀತ 1976ರ ಕಾಯ್ದೆಯಲ್ಲಿ ರದ್ದಾಯಿತು. 2013ರಲ್ಲಿ ಅನ್ನಭಾಗ್ಯ ಬಂದು ಕೇಜಿಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಿತು. ಜನ ಸೋಮಾರಿಗಳಾಗುತ್ತಾರೆ ಎಂದು ಗೊಣಗಿದವರು ಯಾರೆಂದು ನಮಗೆ ಗೊತ್ತು. ಬೆಳಗ್ಗೆ ಪಡಿಗಾಗಿ ಬಾಗಿಲಿಗೆ ಬರುವ ಆಳು ತಪ್ಪಿಹೋದದ್ದೇ ಅವರ ಸಂಕಟ. ಅವ್ವನ ಮನೆಯಲ್ಲಿ ನಾಳೆಯ ಕಾಳು ಇವತ್ತೇ ಇರುವಂತಾಯಿತು. ಅಷ್ಟರಲ್ಲಿ ರಾಗಿ ಮೇಲಕ್ಕೆ ಹೋಯಿತು. 2023 ಸಿರಿಧಾನ್ಯ ವರ್ಷವಾಯಿತು, ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಅಂಬಲಿ ಕುದಿಯತೊಡಗಿತು. ಒಳ್ಳೆಯದೇ. ಆದರೆ ಅದೇ ಅಂಬಲಿಯನ್ನು ಕಲಿಸಿದ ಕೈ ಶಾಲೆಯ ಬಿಸಿಯೂಟದ ಸೌಟು ಹಿಡಿದರೆ ಮಕ್ಕಳು ತಟ್ಟೆ ಬಿಟ್ಟು ಎದ್ದು ಹೋಗುವ ಸುದ್ದಿ ಇನ್ನೂ ಬರುತ್ತದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2004ರಲ್ಲಿ. ಧಾನ್ಯಕ್ಕೆ ಬಡ್ತಿ ಸಿಕ್ಕಿತು, ಕೈಗೆ ಸಿಗಲಿಲ್ಲ.

ದಲಿತ ವಿಮರ್ಶೆ ಈವರೆಗೆ ಹಸಿವನ್ನು ಓದಿದೆ. ಇನ್ನು ಅಡುಗೆಯನ್ನೂ ಓದಬೇಕು. ಮರಾಠಿಯಲ್ಲಿ ಶಾಹು ಪಾಟೋಳೆ 2015ರಲ್ಲೇ ಮರಾಠವಾಡದ ದಲಿತರ ಅಡುಗೆಯನ್ನು ಪುಸ್ತಕವಾಗಿಸಿದ್ದಾರೆ. ನಮ್ಮಲ್ಲಿ ಆ ಕೆಲಸಕ್ಕೆ ತಡಮಾಡುವಂತಿಲ್ಲ; ಹದಿನಾಲ್ಕು ಬಗೆ ಸೊಪ್ಪಿನ ಹೆಸರು ಹೇಳುತ್ತಿದ್ದ ಅವ್ವ ಈಗ ಒಂಬತ್ತಕ್ಕೆ ನಿಲ್ಲುತ್ತಾಳೆ. ಹಾಗೆಂದು ಬಡತನಕ್ಕೆ ಹಾರ ಹಾಕುವುದು ಬೇಡ. ಕಟ್ಟಿನ ಸಾರನ್ನು ಹೊಗಳಿದ ನನಗೆ ಅವ್ವ ಹೇಳಿದ್ದು ಇಷ್ಟು: 'ರುಚಿ ಏನೋ ಇತ್ತು ಕಣಪ್ಪಾ. ಆದ್ರೆ ನಿಮ್ಮಜ್ಜಿ ಸಾಯೋಗಂಟ ಆಸೆಪಟ್ಟಿದ್ದು ಆ ಕಾಳಿಗೆ.'