ಒಂದು ಮೊಳಕೆ, ಹನ್ನೆರಡು ಉಚ್ಚಾರ

ಜಪಾನಿನ ಪ್ರೌಢಶಾಲೆಯ ಜೀವಶಾಸ್ತ್ರ ಪುಸ್ತಕದ ಮೇಲೆ ಎರಡು ಅಕ್ಷರಗಳಿರುತ್ತವೆ. ಹಸಿ ಮೀನು ತುಂಬಿದ ಪಾರ್ಸೆಲ್ ಪೆಟ್ಟಿಗೆಯ ಮೇಲೂ ಅವೇ ಎರಡು ಅಕ್ಷರ. ಪುಸ್ತಕದ ಮೇಲೆ ಅವನ್ನು ‘ಸೇಯ್‌ಬುತ್ಸು’ ಎಂದು ಓದಬೇಕು, ಅರ್ಥ, ಜೀವಿ. ಪೆಟ್ಟಿಗೆಯ ಮೇಲಾದರೆ ‘ನಮಮೊನೊ’. ಹಸಿ ಪದಾರ್ಥ, ಬೇಗ ಕೆಡುವಂಥದ್ದು.

ಈ ಪೇಚಿಗೆ ಮುಖ್ಯ ಕಾರಣ ಮೊದಲನೆಯ ಅಕ್ಷರ. ಐದೇ ಗೆರೆಗಳ ಈ ಕಾಂಜಿ ಮೂಲದಲ್ಲಿ ನೆಲ ಸೀಳಿ ಮೇಲೆದ್ದ ಮೊಳಕೆಯ ಚಿತ್ರ. ಹುಟ್ಟು, ಬದುಕು, ಬೆಳೆ, ಹಸಿ ಎಂಬ ಅರ್ಥಗಳೆಲ್ಲ ಅದರಿಂದಲೇ ಟಿಸಿಲೊಡೆದವು.

ಅರ್ಥ ಹಲವಾದದ್ದು ಸರಿ, ಉಚ್ಚಾರ ಏಕೆ ಹಲವು? ಲಿಪಿ ಚೀನಾದಿಂದ ಬಂದದ್ದು. ಜಪಾನೀ ಭಾಷೆಗೂ ಚೀನೀ ಭಾಷೆಗೂ ರಕ್ತಸಂಬಂಧವಿಲ್ಲ. ಜಪಾನೀಯರು ಅಕ್ಷರದೊಂದಿಗೆ ಚೀನೀ ಉಚ್ಚಾರವನ್ನೂ ಪಡೆದರು, ಅದೇ ಅಕ್ಷರಕ್ಕೆ ತಮ್ಮ ಮನೆಮಾತನ್ನೂ ಅಂಟಿಸಿದರು. ಚೀನೀ ಉಚ್ಚಾರವಾದರೂ ಒಂದೇ ಕಂತಿನಲ್ಲಿ ಬರಲಿಲ್ಲ. ಮೊದಲು ಬೌದ್ಧ ಗ್ರಂಥಗಳ ಓದಿನಲ್ಲಿ ‘ಶೋ’ ನೆಲೆಯೂರಿತು. ಜೀವಿ ಎಂಬರ್ಥದ ಸಂಸ್ಕೃತದ ‘ಸತ್ತ್ವ’ ಚೀನೀ ಅನುವಾದವನ್ನು ಹಾದು ಜಪಾನಿನಲ್ಲಿ ‘ಶುಜೊ’ ಎನಿಸಿತು. ಅದರಲ್ಲಿರುವುದೂ ಇದೇ ಅಕ್ಷರ. ಅನಂತರ, 7ರಿಂದ 9ನೇ ಶತಮಾನದ ನಡುವೆ, ತಾಂಗ್ ಸಾಮ್ರಾಜ್ಯಕ್ಕೆ ಹೋಗಿಬಂದ ವಿದ್ವಾಂಸರಿಂದ ‘ಸೇಯ್’ ಬಂತು. ಹೊಸದು ಬಂತೆಂದು ಹಳೆಯದನ್ನು ಯಾರೂ ಬಿಡಲಿಲ್ಲ!

ಹೀಗಾಗಿ ಮೇಷ್ಟರು ‘ಸೆನ್‌ಸೇಯ್’. ಅಕ್ಷರಶಃ ಮೊದಲು ಹುಟ್ಟಿದವರು. ಹುಟ್ಟುಹಬ್ಬ ಮಾತ್ರ ಹಳೆಯ ಉಚ್ಚಾರದ ‘ತಾನ್‌ಜೊಬಿ’. ಪೀಪಾಯಿಯ ಬಿಯರ್ ‘ನಮ ಬೀರು’. ಟಿವಿಯ ನೇರ ಪ್ರಸಾರ ‘ನಮಹೋಸೊ’, ಎಂದರೆ ಹಸಿ ಪ್ರಸಾರ. ಸುಳ್ಳನ್ನೇ ಹಸಿ ಮಾಡಿರುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಿಲ್ಲ. ಕಚ್ಚಾ ರೇಷ್ಮೆಗೆ ಬಂದರೆ ಅದೇ ಅಕ್ಷರ ‘ಕಿ’ ಆಗಿ ‘ಕಿಇತೊ’ ಎಂಬ ಪದವಾಗುತ್ತದೆ. 1859ರಲ್ಲಿ ಯೋಕೊಹಾಮಾ ಬಂದರು ತೆರೆದ ಮೇಲೆ ದಶಕಗಳ ಕಾಲ ಜಪಾನಿಗೆ ವಿದೇಶಿ ಹಣ ತಂದ ಮುಖ್ಯ ಸರಕು ಈ ಕಿಇತೊ. ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ಜಮ್‌ಶೇಟ್‌ಜಿ ಟಾಟಾ ತಜ್ಞರನ್ನು ಕರೆಸಿದ್ದೂ ಅಲ್ಲಿಂದಲೇ.

2010ರಲ್ಲಿ ಪರಿಷ್ಕೃತವಾದ ಸರ್ಕಾರಿ ಪಟ್ಟಿಯಲ್ಲಿ 2,136 ಕಾಂಜಿಗಳಿವೆ. ಅದರಲ್ಲಿ ಈ ಒಂದಕ್ಕೇ ಹನ್ನೆರಡು ಉಚ್ಚಾರಗಳನ್ನು ಕೊಡಲಾಗಿದೆ. ಹೆಸರುಗಳಲ್ಲಿ ಬಳಕೆಯಾಗುವ ಉಚ್ಚಾರಗಳು ಬೇರೆ.

ಪದಗಳಲ್ಲಾದರೆ ಸಂದರ್ಭ ಕೈಹಿಡಿಯುತ್ತದೆ. ಕಷ್ಟ ಇರುವುದು ಹೆಸರುಗಳಲ್ಲಿ. 1996ರಲ್ಲಿ ಶೋಗಿ ಎಂಬ ಜಪಾನೀ ಚದುರಂಗದ ಏಳೂ ಪ್ರಶಸ್ತಿಗಳನ್ನು ಏಕಕಾಲಕ್ಕೆ ಹೊಂದಿದ್ದ ಯೋಶಿಹಾರು ಹಾಬು, 2014 ಮತ್ತು 2018ರ ಒಲಿಂಪಿಕ್ಸ್‌ನಲ್ಲಿ ಸ್ಕೇಟಿಂಗ್ ಚಿನ್ನ ಗೆದ್ದ ಯುಜುರು ಹಾನ್ಯು, ಇಬ್ಬರ ಮನೆತನದ ಹೆಸರನ್ನೂ ಬರೆಯುವುದು ಒಂದೇ ರೀತಿ. ‘ರೆಕ್ಕೆ’ಯ ಅಕ್ಷರ, ಪಕ್ಕದಲ್ಲಿ ನಮ್ಮ ಮೊಳಕೆ.

ಇಷ್ಟಾದರೂ ‘ಕೊಸೆಕಿ’ ಎಂಬ ಕುಟುಂಬ ನೋಂದಣಿ ಪುಸ್ತಕದಲ್ಲಿ ಹೆಸರಿನ ಉಚ್ಚಾರಕ್ಕೆ ಜಾಗವೇ ಇರಲಿಲ್ಲ. ಕಂಪ್ಯೂಟರಿನಲ್ಲಿ ದಾಖಲೆ ತಾಳೆ ನೋಡುವ ಕಾಲ ಬಂದಾಗ ಇದು ತೊಡಕಾಯಿತು. ತಿದ್ದುಪಡಿಯಾದ ಕಾನೂನು 2025ರ ಮೇ 26ರಂದು ಜಾರಿಗೆ ಬಂತು. ತಮ್ಮ ದಾಖಲೆಯಲ್ಲಿ ಸೇರಲಿರುವ ಉಚ್ಚಾರ ಯಾವುದೆಂದು ಸ್ಥಳೀಯ ಕಚೇರಿಗಳು ಜನರಿಗೆ ಅಂಚೆಯಲ್ಲಿ ತಿಳಿಸಿದವು. ತಪ್ಪಿದ್ದರೆ ಹೇಳಲು ಒಂದು ವರ್ಷದ ಗಡುವು. ಹೇಳದಿದ್ದರೆ ಪತ್ರದಲ್ಲಿದ್ದ ಉಚ್ಚಾರವೇ ದಾಖಲೆಗೆ.