ಜೋಡಿಸಿದ ಕಡತವ್ಯವಸ್ಥೆಗಳ ಪಟ್ಟಿಯೂ ಅವುಗಳಲ್ಲಿ ಶೋಧನೆಯೂ

ಶ್ರವಣಬೆಳ್ಗೊಳವು ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಊರಷ್ಟೆ. ಆದರೆ ಬಿ. ಎಲ್. ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಹಾಸನ ಜಿಲ್ಲೆಗೆ ಮೀಸಲಾದ ಐದನೆಯ ಸಂಪುಟವನ್ನು (1902) ತೆರೆದು, ಚನ್ನರಾಯಪಟ್ಟಣದ ಶಾಸನಗಳನ್ನು ಮೊದಲಿನಿಂದ ಕಡೆಯವರೆಗೆ ಓದಿದರೂ ಬೆಳ್ಗೊಳದ ಬೆಟ್ಟಗಳ ಶಾಸನರಾಶಿಯು ಅಲ್ಲಿ ದೊರೆಯದು. ಅದು 1889ರಲ್ಲಿಯೇ ಎರಡನೆಯ ಸಂಪುಟವಾಗಿ ಬೇರೆ ಅಚ್ಚಾಗಿದ್ದಿತು. ರೈಸ್ ಸಾಹೇಬರು ಅಲ್ಲಿ ಕೊಟ್ಟ 144 ಶಾಸನಗಳು ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500 ಆದುವು. ದಾರಿಯಲ್ಲಿ ನಡೆದು ಹೋಗುವವನಿಗೆ ಪಟ್ಟಣದಿಂದ ಬೆಳ್ಗೊಳದವರೆಗೆ ಯಾವ ಗಡಿಯೂ ಕಾಣಿಸದು. ಗ್ರಂಥದಲ್ಲಿ ಹುಡುಕುವವನಿಗಾದರೋ ಸಂಪುಟವೇ ಬೇರೆ. ಈ ಭೇದವನ್ನು ಅರಿಯದವನು "ಈ ತಾಲ್ಲೂಕಿನ ಶಾಸನಗಳಲ್ಲಿ ಇಂಥ ಪದಪ್ರಯೋಗವಿಲ್ಲ" ಎಂದು ಬರೆದುಬಿಟ್ಟರೆ, ಮುಂದಿನವರು ಅದನ್ನೇ ಆಧಾರವಾಗಿ ಹಿಡಿಯುವುದೂ ಉಂಟು.

ಇಂದು ಶಾಸನಗಳೂ ಓಲೆಗರಿಗಳೂ ಹಳೆಯ ಪತ್ರಿಕೆಗಳೂ ಪ್ರತಿಬಿಂಬಗಳಾಗಿ ಗಣಕಯಂತ್ರದ ಡಿಸ್ಕುಗಳನ್ನು ಸೇರಿರುವುದರಿಂದ ಅದೇ ಪ್ರಮಾದವು ಹೊಸ ವೇಷದಲ್ಲಿ ನಮ್ಮ ಎದುರಿಗೆ ಬಂದಿದೆ. ಯೂನಿಕ್ಸ್ ವಂಶದ ಗಣಕಗಳಲ್ಲಿ, ಅಂದರೆ ಲಿನಕ್ಸ್ ಮೊದಲಾದುವುಗಳಲ್ಲಿ, ಎಲ್ಲ ಕಡತಗಳೂ ಒಂದೇ ಮೂಲದಿಂದ ಕವಲೊಡೆದ ವೃಕ್ಷದಂತೆ ತೋರುತ್ತವೆ. ಆ ವೃಕ್ಷದ ಒಂದು ಕೊಂಬೆ ಒಂದು ಡಿಸ್ಕಿನಲ್ಲಿಯೂ ಮತ್ತೊಂದು ಇನ್ನೊಂದು ಡಿಸ್ಕಿನಲ್ಲಿಯೂ ಮೂರನೆಯದು ದೂರದ ಬೇರೊಂದು ಯಂತ್ರದಲ್ಲಿಯೂ ಇರಬಹುದು. ಹೀಗೆ ಪ್ರತ್ಯೇಕವಾದ ಕಡತವ್ಯವಸ್ಥೆಯನ್ನು ವೃಕ್ಷದ ಯಾವುದಾದರೊಂದು ಡೈರೆಕ್ಟರಿಯಲ್ಲಿ ಸೇರಿಸುವುದಕ್ಕೆ ಮೌಂಟ್ ಎಂದು ಹೆಸರು. ಇದನ್ನು "ಆರೋಹಣ"ವೆಂದು ಕನ್ನಡಿಸುವುದು ಕುದುರೆಯೇರುವ ಅರ್ಥವನ್ನು ಎಳೆದು ತರುವುದರಿಂದ ಸಾಧುವಾಗಿ ತೋರುವುದಿಲ್ಲ. ಜೋಡಣೆ ಎಂದರೆ ಸಾಕು. ಕಡತವೆಂಬುದು ಮಾತ್ರ ನಮ್ಮದೇ ಹಳೆಯ ಮಾತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಕಪ್ಪನ್ನೂ ಬಳಿದು ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಸುಪರಿಚಿತವಾದುವು.

ಈ ಜೋಡಣೆಯ ಚರಿತ್ರೆ ದೀರ್ಘವಾದುದಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು 1969ರಲ್ಲಿ ಯೂನಿಕ್ಸಿನ ನಿರ್ಮಾಣವನ್ನು ಆರಂಭಿಸಿದರು. 1971ನೆಯ ನವೆಂಬರ್ 3ರ ತಾರೀಖನ್ನು ಹೊತ್ತ ಅದರ ಮೊದಲ ಕೈಪಿಡಿಯಲ್ಲಿಯೇ, ಜೋಡಿಸುವ ಮೌಂಟ್, ಡಿಸ್ಕಿನಲ್ಲಿ ಉಳಿದಿರುವ ಸ್ಥಳವನ್ನು ತಿಳಿಸುವ ಡಿಎಫ್, ಕಡತವನ್ನು ಹುಡುಕುವ ಫೈಂಡ್ ಎಂಬ ಮೂರು ಆಜ್ಞೆಗಳೂ ಕಾಣಿಸಿಕೊಂಡಿವೆ. 1974ರಲ್ಲಿ ಅವರಿಬ್ಬರೂ ಪ್ರಕಟಿಸಿದ ಪ್ರಬಂಧದಲ್ಲಿ ಜೋಡಣೆಯ ತತ್ತ್ವವನ್ನು ವಿವರಿಸಿದ್ದಾರೆ: ವೃಕ್ಷದ ಒಂದು ಎಲೆಯಿದ್ದ ಸ್ಥಾನದಲ್ಲಿ ಸಂಪೂರ್ಣವಾದ ಮತ್ತೊಂದು ವೃಕ್ಷವೇ ಬಂದು ನಿಲ್ಲುತ್ತದೆ, ಆಮೇಲೆ ಕಡತವು ಯಾವ ಡಿಸ್ಕಿನದೆಂಬ ಭೇದವು ಬಳಸುವವನಿಗೆ ಬಹುಮಟ್ಟಿಗೆ ತೋರುವುದಿಲ್ಲ. ಸೌಕರ್ಯವೂ ಅದೇ, ತೊಡಕೂ ಅದೇ. ಭೇದವು ಮರೆಯಾದ ಮೇಲೆ, ಈಗ ಏನೇನು ಎಲ್ಲೆಲ್ಲಿ ಜೋಡಣೆಯಾಗಿದೆ ಎಂಬುದಕ್ಕೆ ಒಂದು ಪಟ್ಟಿಯು ಬೇಕಾಗುತ್ತದೆಯಲ್ಲವೆ?

ಮೊದಲಿಗೆ ಬಂದ ಪಟ್ಟಿಯು ಎಮ್‌ಟ್ಯಾಬ್ ಎಂಬ ಕಡತ. 1975ರ ಆರನೆಯ ಆವೃತ್ತಿಯ ಕೈಪಿಡಿಯಲ್ಲಿ ಅದರ ವರ್ಣನೆಯುಂಟು. ಮೌಂಟ್ ಆಜ್ಞೆಯು ತಾನು ಮಾಡಿದ ಪ್ರತಿಯೊಂದು ಜೋಡಣೆಯನ್ನೂ ಅದರಲ್ಲಿ ಬರೆದಿಡುತ್ತಿತ್ತು. ಬೇರೇನನ್ನೂ ಹೇಳದೆ ಮೌಂಟ್ ಎಂದಷ್ಟೇ ಆಜ್ಞಾಪಿಸಿದರೆ ಆ ಪಟ್ಟಿಯನ್ನು ಓದಿ ಹೇಳುತ್ತಿತ್ತು. ಗ್ರಾಮದ ಶಾನುಭೋಗನ ಲೆಕ್ಕದಂತೆ ಇದು ಬರೆದಿಟ್ಟದ್ದೇ ಹೊರತು ಕಂಡದ್ದಲ್ಲ. ಯಂತ್ರವು ನಡುವೆ ಹಠಾತ್ತಾಗಿ ನಿಂತರೆ ಇಲ್ಲದ ಜೋಡಣೆಯು ಪಟ್ಟಿಯಲ್ಲಿ ಉಳಿಯುವುದು. ಮೂಲದ ಡಿಸ್ಕಿಗೆ ಬರೆಯಲು ಅವಕಾಶವಿಲ್ಲದಿದ್ದರೆ ಇರುವ ಜೋಡಣೆಯು ಪಟ್ಟಿಗೆ ಬಾರದೆ ಹೋಗುವುದು. ಹಾಸನ ಜಿಲ್ಲೆಯಲ್ಲಿ ಇದಕ್ಕೆ ದೃಷ್ಟಾಂತವು ಕೈಯಳತೆಯಲ್ಲಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು 1902ರ ಸಂಪುಟದಲ್ಲಿ ಇಲ್ಲ, ಡಾ. ಎಂ. ಎಚ್. ಕೃಷ್ಣ ಅವರು ಅದನ್ನು 1936ರಲ್ಲಿ ಬೆಳಕಿಗೆ ತಂದು ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಕಲ್ಲು ಊರಿನಲ್ಲಿಯೇ ಇದ್ದಿತು, ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಕನ್ನಡ ಗದ್ಯದ ಪ್ರಾಚೀನತೆಯನ್ನು ಐದನೆಯ ಸಂಪುಟವೊಂದರಿಂದಲೇ ನಿರ್ಣಯಿಸಿದವರ ಗತಿ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ ಈ ದೋಷದ ಪರಿಹಾರವು ಕ್ರಮೇಣ ನಡೆಯಿತು. ಯಂತ್ರದ ಅಂತರಂಗವಾದ ಕರ್ನೆಲ್ ತಾನೇ ತಿಳಿದಿರುವ ಸ್ಥಿತಿಯನ್ನು ಪ್ರೊಕ್ ಎಂಬ ಡೈರೆಕ್ಟರಿಯ ಮೂಲಕ ಓದಲು ಕೊಡುತ್ತದೆ. ಹಳೆಯ ಎಮ್‌ಟ್ಯಾಬ್ ಎಂಬ ಹೆಸರು ಈಗ ಸಾಮಾನ್ಯವಾಗಿ ಅದರ ಕಡೆಗೆ ಬೆರಳು ತೋರುವ ಸೂಚಕ ಮಾತ್ರ. 2002ರಲ್ಲಿ ಬೇರೆ ಬೇರೆ ಕಾರ್ಯಗಳಿಗೆ ಬೇರೆ ಬೇರೆ ವೃಕ್ಷಗಳನ್ನು ತೋರಿಸುವ ವ್ಯವಸ್ಥೆಯೂ ಸೇರಿತು. ಅಲ್ಲಿಂದ ಮುಂದೆ ಎಲ್ಲರಿಗೂ ಸಮಾನವಾದ ಒಂದೇ ಪಟ್ಟಿ ಎಂಬುದೇ ಅಸಂಗತವಾಯಿತು. 2008ರಲ್ಲಿ ಮೌಂಟ್‌ಇನ್ಫೊ ಎಂಬ ಸವಿಸ್ತರವಾದ ಪಟ್ಟಿ ಬಂದಿತು. ಯಾವ ಜೋಡಣೆಯು ಯಾವುದರ ಮೇಲೆ ನಿಂತಿದೆಯೆಂಬ ತಂದೆಮಕ್ಕಳ ಸಂಬಂಧವೂ ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಆಧರಿಸಿ 2010ರಲ್ಲಿ ಕರೇಲ್ ಜಾಕ್ ಎಂಬವರು ಯುಟಿಲ್‌-ಲಿನಕ್ಸ್ ಎಂಬ ಉಪಕರಣಸಮೂಹದಲ್ಲಿ ಫೈಂಡ್‌ಎಮ್‌ಎನ್‌ಟಿ ಎಂಬ ಆಜ್ಞೆಯನ್ನು ಸೇರಿಸಿದರು.

ಈ ಆಜ್ಞೆಯನ್ನು ಒಂಟಿಯಾಗಿ ಬರೆದರೆ ಸಕಲ ಜೋಡಣೆಗಳೂ ವಂಶವೃಕ್ಷದ ಆಕಾರದಲ್ಲಿ ಕಾಣುತ್ತವೆ: ಜೋಡಿಸಿದ ಸ್ಥಾನ, ಮೂಲವಾದ ಸಾಧನ, ಕಡತವ್ಯವಸ್ಥೆಯ ಜಾತಿ, ಇತರ ನಿಯಮಗಳು. ಸಾಧನದ ಹೆಸರಿನಿಂದಲೋ ಜಾತಿಯಿಂದಲೋ ಶೋಧಿಸಬಹುದು. ಆಗಬೇಕೆಂದು ನಿಯಮಿಸಿದ ಜೋಡಣೆಗಳು ಎಫ್‌ಎಸ್‌ಟ್ಯಾಬ್ ಎಂಬ ಇನ್ನೊಂದು ಕಡತದಲ್ಲಿ ಇರುತ್ತವೆ; ಅವನ್ನೂ ಇದರಿಂದಲೇ ಓದಿ, ವಿಧಿಸಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ನೋಡಬಹುದು. ನಮ್ಮಂಥವರಿಗೆ ಎಲ್ಲಕ್ಕಿಂತ ಉಪಯುಕ್ತವಾದುದು ದೊಡ್ಡ ಟಿ ಅಕ್ಷರದ ವಿಕಲ್ಪ. ಯಾವುದೇ ಒಂದು ಕಡತದ ಹೆಸರನ್ನು ಕೊಟ್ಟರೆ ಅದು ಯಾವ ಸಂಪುಟಕ್ಕೆ ಸೇರಿದುದೆಂಬುದನ್ನು ಅದು ಹೇಳುತ್ತದೆ.

ಇದರ ಅಗತ್ಯವೇನೆಂದರೆ, ಮೀಮಾಂಸಕರಲ್ಲಿ ಭಾಟ್ಟರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವಾಗಿ ಅಂಗೀಕರಿಸಿದ್ದಾರೆ. ಆದರೆ ಬರಿಯ ಅನುಪಲಬ್ಧಿಯನ್ನಲ್ಲ, ಯೋಗ್ಯಾನುಪಲಬ್ಧಿಯನ್ನು. ಬೆಳಕಿರುವ ನೆಲದ ಮೇಲೆ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಕತ್ತಲಲ್ಲಿ ಹಾಗೆನ್ನಲಾಗದು, ಪಿಶಾಚವು ಕಾಣಲಿಲ್ಲವೆಂಬುದರಿಂದ ಅದು ಇಲ್ಲವೆಂದೂ ಸಾಧಿಸಲಾಗದು. ಪ್ರತಿಬಿಂಬಗಳಿರುವ ಡಿಸ್ಕನ್ನು ಜೋಡಿಸಿಲ್ಲವೆಂದಿಟ್ಟುಕೊಳ್ಳೋಣ. ಅದಕ್ಕಾಗಿ ಕಾದಿರಿಸಿದ ಡೈರೆಕ್ಟರಿಯು ಆಗಲೂ ಇರುತ್ತದೆ, ಆದರೆ ಬರಿದಾಗಿ. ಫೈಂಡ್ ಆಜ್ಞೆಯು ಅದರೊಳಗೆ ಹೋಗಿ, ಏನೂ ಸಿಗದೆ, ದೂರೂ ಹೇಳದೆ ಹಿಂದಿರುಗುತ್ತದೆ. ಎಕ್ಸ್‌ಡೆವ್ ಎಂಬ ವಿಕಲ್ಪವನ್ನು ಕೊಟ್ಟಿದ್ದರೆ ಜೋಡಿಸಿದ ಡಿಸ್ಕನ್ನೂ ಹೊಕ್ಕದೆ ಹೊಸ್ತಿಲಲ್ಲಿಯೇ ನಿಲ್ಲುತ್ತದೆ. ಲೊಕೇಟ್ ಎಂಬ ಆಜ್ಞೆಯು ಮೊದಲೇ ಸಿದ್ಧಪಡಿಸಿದ ಅನುಕ್ರಮಣಿಕೆಯನ್ನು ನೋಡುವುದು. ಹೊರಗಿನ ಡಿಸ್ಕುಗಳು ಬಂದು ಸೇರುವ ಡೈರೆಕ್ಟರಿಯನ್ನು ಆ ಅನುಕ್ರಮಣಿಕೆಯಿಂದ ಬಿಟ್ಟಿರುವುದು ಹಲವು ವ್ಯವಸ್ಥೆಗಳಲ್ಲಿ ರೂಢಿ. ಆದಕಾರಣ "ಇಲ್ಲ" ಎಂಬ ಉತ್ತರವನ್ನು ಬರೆಯುವ ಮುನ್ನ ಜೋಡಣೆಗಳ ಪಟ್ಟಿಯನ್ನು ನೋಡುವುದು ಆ ಉತ್ತರದ ಯೋಗ್ಯತೆಗೇ ಸೇರಿದ ಅಂಗ. ಪ್ರಬಂಧಗಳಲ್ಲಿ ಶೋಧನೆಯ ಫಲವನ್ನು ಹೇಳುವವರು ಶೋಧಿಸಿದ ಸಂಪುಟಗಳನ್ನೂ ಹೆಸರಿಸಬೇಕೆಂದು ನನ್ನ ಅಭಿಪ್ರಾಯ.

ಇದಕ್ಕೆ ವಿಪರೀತವಾದ ತೊಡಕು ಇನ್ನೊಂದಿದೆ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚಿನ ಅವಶೇಷವಿದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಜಲಾಶಯವು ತುಂಬಿದಾಗಲೆಲ್ಲ ಅದು ನೀರಿನಲ್ಲಿ ಮುಳುಗುವುದು, ನೀರು ಇಳಿದಾಗ ಮತ್ತೆ ತೋರುವುದು. ಬರಿದಲ್ಲದ ಡೈರೆಕ್ಟರಿಯ ಮೇಲೆ ಬೇರೊಂದು ಕಡತವ್ಯವಸ್ಥೆಯನ್ನು ಜೋಡಿಸಿದರೆ ಕೆಳಗಿದ್ದ ಕಡತಗಳಿಗೂ ಇದೇ ಅವಸ್ಥೆ. ಡಿಸ್ಕನ್ನು ಜೋಡಿಸದೆ ಮರೆತ ದಿನ ಓಲೆಗರಿಯ ಚಿತ್ರಗಳನ್ನು ಆ ಬರಿದಾದ ಡೈರೆಕ್ಟರಿಗೆ ತುಂಬಿದರೆ ಅವು ಮೂಲದ ಡಿಸ್ಕಿಗೆ ಸೇರುತ್ತವೆ. ಮರುದಿನ ಜೋಡಣೆಯಾದೊಡನೆ ಕಣ್ಮರೆಯಾಗುತ್ತವೆ. ಕಡತಗಳನ್ನು ಒಂದೊಂದಾಗಿ ಎಣಿಸುವ ಡಿಯು ಆಜ್ಞೆಯ ಲೆಕ್ಕಕ್ಕೆ ಅವು ಸಿಗುವುದಿಲ್ಲ. ಡಿಎಫ್ ಮಾತ್ರ ಆ ಸ್ಥಳವು ವ್ಯಯವಾಗಿದೆಯೆಂದೇ ಹೇಳುತ್ತಿರುವುದು. ಇವೆರಡರ ಮೊತ್ತವು ಕೂಡದಿದ್ದಲ್ಲಿ ಇಂಥ ಮುಳುಗಡೆಯನ್ನು ಶಂಕಿಸಬಹುದು. ಆಗ ಜೋಡಣೆಯನ್ನು ಬಿಡಿಸಿ ನೋಡತಕ್ಕದ್ದು. ಬಿಡಿಸಲು ಅನುಕೂಲವಿಲ್ಲದಿದ್ದರೆ ಬೈಂಡ್ ಎಂಬ ವಿಕಲ್ಪದಿಂದ ಮೂಲವೃಕ್ಷವನ್ನು ಮತ್ತೊಂದು ಡೈರೆಕ್ಟರಿಯಲ್ಲಿ ಎರಡನೆಯ ಸಲ ಜೋಡಿಸಿದರೆ, ಮೇಲಣ ಜೋಡಣೆಗಳು ಅದರೊಡನೆ ಬಾರದಿರುವುದರಿಂದ, ಅಡಿಯಲ್ಲಿದ್ದುದು ಅಲ್ಲಿ ಕಾಣಿಸುವುದು.