ವಾರ್ಡನ್ ಹಾಕಿದ ಸಹಿ

ಯಾರಾದರೂ ಫಾರಂ ತಂದು "ಇಲ್ಲೊಂದು ಸಹಿ ಹಾಕಿ" ಅಂದರೆ ನಮ್ಮೂರುಗಳಲ್ಲಿ ಓದಿ ನೋಡುವವರು ಕಡಿಮೆ. ಆ ಸಹಿಯ ಹಿಂದೆ ಒಂದು ಇತಿಹಾಸವಿದೆ.

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಲು ಶುರು ಮಾಡಿದರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಇದು. ನಡೆಸಿದ್ದು ಅಮೆರಿಕದ ಪಾತ್ ಸಂಸ್ಥೆ. ಜೊತೆಗಿದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಎರಡೂ ರಾಜ್ಯ ಸರ್ಕಾರಗಳು. ಲಸಿಕೆ ಪಡೆದವರಲ್ಲಿ ಆದಿವಾಸಿ ಮಕ್ಕಳು, ಹಾಸ್ಟೆಲ್ ಮಕ್ಕಳು ಬಹಳ.

ಏಳು ಹುಡುಗಿಯರು ತೀರಿಕೊಂಡ ಸುದ್ದಿ ಹೊರಬಂತು. ಮಹಿಳಾ ಮತ್ತು ಆರೋಗ್ಯ ಸಂಘಟನೆಗಳು ದನಿ ಎತ್ತಿದವು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆ ನಿಲ್ಲಿಸಿತು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖಾ ಸಮಿತಿ ಹೇಳಿತು. ಲಸಿಕೆ ಕೆಟ್ಟದ್ದು ಅಂತ ನಾವೂ ಹೇಳುತ್ತಿಲ್ಲ. ಪ್ರಶ್ನೆ ಇರುವುದು ಒಪ್ಪಿಗೆಯದು.

2013ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ವರದಿ ಕೊಟ್ಟಿತು. ಆಂಧ್ರದಲ್ಲಿ ನೋಡಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು! 1,948ರಲ್ಲಿ ಬರೀ ಹೆಬ್ಬೆಟ್ಟು. ಅಪ್ಪ ಅಮ್ಮನನ್ನು ಕೇಳಬೇಕಾದ ಕಡೆ ವಾರ್ಡನ್‌ರನ್ನು ಕೇಳಿ ಮುಗಿಸಿದ್ದರು. ಇದು ಪ್ರಯೋಗವಲ್ಲ, ಅಧ್ಯಯನ ಎಂದು ಪಾತ್ ವಾದಿಸಿತು. ಸಮಿತಿ ಒಪ್ಪಲಿಲ್ಲ. ಹೆಸರು ಬದಲಾದರೆ ಕಾನೂನಿನ ಕಣ್ಣು ತಪ್ಪಿಸುವುದು ಸುಲಭ ನೋಡಿ.

ನಿಯಮ ಆಗ ಇರಲಿಲ್ಲವೇ? ಇತ್ತು. 1980ರಲ್ಲೇ ಐಸಿಎಂಆರ್ ನೀತಿ ಪ್ರಕಟಿಸಿತ್ತು. 2000ದಲ್ಲಿ ಬಂದ ಮಾರ್ಗಸೂಚಿ ಸಮಿತಿಗೆ ನಮ್ಮ ಕರ್ನಾಟಕದವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರು. ಆದರೆ ಮಾರ್ಗಸೂಚಿ ಬುದ್ಧಿಮಾತು ಇದ್ದಂತೆ, ಮೀರಿದವರಿಗೆ ಶಿಕ್ಷೆ ಇರಲಿಲ್ಲ. ಪ್ರಯೋಗಗಳನ್ನು ಪರಿಶೀಲಿಸುವ ನೈತಿಕ ಸಮಿತಿಗಳು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕೆಂಬ ಕಡ್ಡಾಯವೂ ಇರಲಿಲ್ಲ.

ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಒತ್ತಡದಲ್ಲಿ 2013ರಲ್ಲಿ ನೋಂದಣಿ ಕಡ್ಡಾಯವಾಯಿತು, ಪ್ರಯೋಗದಿಂದ ಹಾನಿಯಾದರೆ ಪರಿಹಾರವೂ ಕಾನೂನಾಯಿತು. 2019ರ ಹೊಸ ನಿಯಮದ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಮಂದಿ ಹೊರಗಿನವರು. ಒಬ್ಬ ಮಹಿಳೆ, ಒಬ್ಬ ಸಾಮಾನ್ಯ ಪ್ರಜೆ ಇರಲೇಬೇಕು.

ಇಷ್ಟಾದರೂ ಒಂದು ತೊಡಕು ಉಳಿದಿದೆ. ಸಾಮಾನ್ಯವಾಗಿ ಸಂಶೋಧನೆ ನಡೆಸುವ ಸಂಸ್ಥೆಯೇ ತನ್ನ ನೈತಿಕ ಸಮಿತಿಯನ್ನು ನೇಮಿಸುತ್ತದೆ. ತನ್ನ ಹೊಲದ ಬೇಲಿಗೆ ತಾನೇ ಕಾವಲುಗಾರನನ್ನು ಆರಿಸಿದಂತೆ. ಸುಧಾರಣೆ ಮುಂದೆ ಸಾಗಬೇಕಾದದ್ದು ಇಲ್ಲಿಂದ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಇಷ್ಟು. ಫಾರಂ ಬಂದರೆ ಕೇಳಿ: ಇದು ಚಿಕಿತ್ಸೆಯೋ, ಸಂಶೋಧನೆಯೋ? ಯಾವ ಸಮಿತಿ ಒಪ್ಪಿದೆ? ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಓದಲು ಬಾರದವರು ಸಾಕ್ಷಿಯೊಬ್ಬರನ್ನು ಕೂರಿಸಿಕೊಂಡು ಕನ್ನಡದಲ್ಲಿ ಓದಿಸಿಕೊಳ್ಳಬಹುದು. ಬೇಡ ಅನ್ನಬಹುದು, ಒಪ್ಪಿದ ಮೇಲೂ ಹೊರಬರಬಹುದು. ಅದಕ್ಕಾಗಿ ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸುವಂತಿಲ್ಲ.